ಅನಿಲ ಹೀರುವ ರಂಧ್ರದ್ರವ: ಲೆಕ್ಕದಿಂದ ಬಾಟಲಿಯವರೆಗೆ

ಮಂಡ್ಯ ಸೀಮೆಯಲ್ಲಿ ಕಬ್ಬು ಅರೆದ ಮೇಲೆ ಉಳಿಯುವ ಪ್ರೆಸ್‌ಮಡ್‌ಗೆ ಬರವಿಲ್ಲ. ಅದನ್ನು ಡೈಜೆಸ್ಟರ್‌ಗೆ (ಗಾಳಿಯಾಡದಂತೆ ಕೊಳೆಸುವ ತೊಟ್ಟಿಗೆ) ಹಾಕಿದರೆ ಬರುವ ಅನಿಲದಲ್ಲಿ ಸುಮಾರು 60% ಮೀಥೇನ್, ಉಳಿದದ್ದು ಬಹುಪಾಲು ಕಾರ್ಬನ್ ಡೈಆಕ್ಸೈಡ್, ಜೊತೆಗೆ ಕೊಳೆತ ಮೊಟ್ಟೆ ನಾತದ ಹೈಡ್ರೋಜನ್ ಸಲ್ಫೈಡ್ ಒಂದಿಷ್ಟು. ವಾಹನಕ್ಕೆ ತುಂಬುವ ಬಯೋಮೀಥೇನ್‌ನಲ್ಲಿ ಮೀಥೇನ್ ಕನಿಷ್ಠ 90% ಇರಬೇಕು ಎನ್ನುತ್ತದೆ ಭಾರತೀಯ ಮಾನಕ ಐಎಸ್ 16087. ಅಂದರೆ ಕಾರ್ಬನ್ ಡೈಆಕ್ಸೈಡನ್ನು ಹೀರಿ ಮೀಥೇನನ್ನು ಬಿಟ್ಟುಕೊಡುವ ದ್ರವ ಬೇಕು. ನೀರಿನಿಂದಲೂ ಆಗುತ್ತದೆ, ಕಾರ್ಬನ್ ಡೈಆಕ್ಸೈಡ್ ಜೊತೆ ರಾಸಾಯನಿಕವಾಗಿ ಕೂಡುವ ಅಮೀನ್ ದ್ರಾವಣದಿಂದಲೂ ಆಗುತ್ತದೆ. ಮೂರನೆಯ ದಾರಿ ರಂಧ್ರದ್ರವ. ಎಂಎಸ್ಸಿ ಪ್ರಾಜೆಕ್ಟ್ ಮಟ್ಟದ ಪ್ರಯೋಗಾಲಯದಲ್ಲಿ ಅದನ್ನು ವಿನ್ಯಾಸ ಮಾಡಿ, ತಯಾರಿಸಿ, ಅಳೆಯುವ ಕ್ರಮ ಇಲ್ಲಿದೆ.

ರಂಧ್ರದ್ರವ ಎಂದರೇನು

ಯಾವ ದ್ರವದಲ್ಲೂ ಅಣುಗಳ ನಡುವೆ ಸಂದು ಇದ್ದೇ ಇರುತ್ತದೆ. ಆದರೆ ಆ ಸಂದು ಸಣ್ಣದು, ಒಂದು ಕ್ಷಣ ಇದ್ದು ಮರುಕ್ಷಣ ಮುಚ್ಚಿಹೋಗುವಂಥದ್ದು. ರಂಧ್ರದ್ರವದಲ್ಲಿ ಗಟ್ಟಿಗೋಡೆಯ ಪೊಟರೆಗಳನ್ನು ದ್ರವದೊಳಗೆ ತೇಲಬಿಟ್ಟಿರುತ್ತಾರೆ. ದ್ರವದ ಅಣು ಆ ಪೊಟರೆಯ ಬಾಯಿಗಿಂತ ದಪ್ಪ ಇರುವುದರಿಂದ ಒಳಗೆ ಹೋಗಲಾರದು, ಅನಿಲದ ಅಣು ಹೋಗಬಲ್ಲದು.

2007ರಲ್ಲಿ ರಸಾಯನವಿಜ್ಞಾನಿ ಸ್ಟುವರ್ಟ್ ಜೇಮ್ಸ್ ಮತ್ತು ಸಂಗಡಿಗರು ಇದನ್ನು ಮೂರು ಬಗೆಯಾಗಿ ವಿಂಗಡಿಸಿದರು. ಪೊಟರೆಯುಳ್ಳ ಅಣುವೇ ದ್ರವವಾಗಿದ್ದರೆ ಮೊದಲ ಬಗೆ. ಪಂಜರದಂಥ ಅಣುವನ್ನು ದಪ್ಪ ಅಣುವಿನ ದ್ರಾವಕದಲ್ಲಿ ಕರಗಿಸಿದರೆ ಎರಡನೆಯದು. ರಂಧ್ರವುಳ್ಳ ಹರಳಿನ ಪುಡಿಯನ್ನು ದ್ರವದಲ್ಲಿ ಹರಡಿದರೆ ಮೂರನೆಯದು. 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದದ್ದು ಎರಡನೇ ಬಗೆ: ಕ್ರೌನ್ ಈಥರ್ (ಉಂಗುರದಂಥ ಈಥರ್ ಅಣು) ಹೊತ್ತ ಪಂಜರ ಅಣುವನ್ನು 15-ಕ್ರೌನ್-5 ದ್ರಾವಕದಲ್ಲಿ ಕರಗಿಸಿದ್ದರು, ಬರಿಯ ದ್ರಾವಕಕ್ಕಿಂತ ಸುಮಾರು 8 ಪಟ್ಟು ಮೀಥೇನ್ ಅದರಲ್ಲಿ ಕರಗಿತು. ಆದರೆ ಆ ಪಂಜರದ ಸಂಶ್ಲೇಷಣೆ ಉದ್ದ, ಖರ್ಚೂ ಜಾಸ್ತಿ. ನಮ್ಮ ಕೈಗೆಟುಕುವುದು ಮೂರನೇ ಬಗೆಯೇ.

ಮೊದಲು ಕಾಗದದ ಮೇಲೆ

ಮೂರನೇ ಬಗೆಯಲ್ಲಿ ಒಂದು ಅನುಕೂಲವಿದೆ. ಹರಳು ಹೀರುವುದು ಇಷ್ಟು, ದ್ರವ ಹೀರುವುದು ಇಷ್ಟು ಎಂದು ಬೇರೆಬೇರೆ ತಿಳಿದಿದ್ದರೆ ಎರಡನ್ನೂ ತೂಕದ ಪಾಲಿನಲ್ಲಿ ಕೂಡಿಸಬಹುದು. ರಂಧ್ರ ಖಾಲಿ ಉಳಿದಿದ್ದರೆ ಅಳತೆ ಈ ಕೂಡಿಕೆಯ ಹತ್ತಿರಕ್ಕೇ ಬರುತ್ತದೆ. ಹಾಗಾಗಿ ಮೆಥನಾಲ್ ಬಾಟಲಿಯ ಮುಚ್ಚಳ ತೆಗೆಯುವ ಮೊದಲೇ ಗೆಲ್ಲುತ್ತೇವೋ ಸೋಲುತ್ತೇವೋ ಗೊತ್ತಾಗುತ್ತದೆ. ಬಹಳ ಜನ ಈ ಲೆಕ್ಕವನ್ನು ಕೊನೆಯಲ್ಲಿ ಮಾಡುತ್ತಾರೆ, ಅದೂ ಒಂದೇ ಅನಿಲಕ್ಕೆ.

ಎಲ್ಲರೂ ಮೊದಲು ಹಿಡಿಯುವ ಜೋಡಿ ಝಿಫ್-8 ಹರಳು ಮತ್ತು ಸಿಲಿಕೋನ್ ಎಣ್ಣೆ. ಝಿಫ್-8 ಎಂದರೆ ಸತು ಮತ್ತು 2-ಮೀಥೈಲ್ ಇಮಿಡಜೋಲ್ ಸೇರಿದ ಲೋಹ-ಸಾವಯವ ಚೌಕಟ್ಟು. ಪೊಟರೆಯ ಒಳವ್ಯಾಸ 11.6 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು), ಬಾಯಿ ಮಾತ್ರ 3.4. ಅಣುವಿನ ಅಗಲ ಕಾರ್ಬನ್ ಡೈಆಕ್ಸೈಡ್‌ನದು 3.3, ಮೀಥೇನ್‌ನದು 3.8. ‘ಹಾಗಾದರೆ ಮೀಥೇನ್ ಹೊರಗೇ ನಿಲ್ಲುತ್ತದೆ’ ಅಂದುಕೊಂಡರೆ ಅಲ್ಲೇ ಮೊದಲ ಎಡವಟ್ಟು. ಈ ಹರಳಿನ ಬಾಗಿಲು ಗಟ್ಟಿ ಚೌಕಟ್ಟಿನದಲ್ಲ. ಇಮಿಡಜೋಲ್ ಉಂಗುರಗಳು ತೂಗಾಡುವುದರಿಂದ 4 ಆಂಗ್‌ಸ್ಟ್ರಾಂ ದಾಟಿದ ಅಣುವೂ ನುಸುಳುತ್ತದೆ, ಮೀಥೇನ್ ಆರಾಮಾಗಿ ಒಳಗೆ ಹೋಗುತ್ತದೆ.

ಈಗ ಅಂಕಿ. 1 ಬಾರ್ ಒತ್ತಡ, 25–27 °ಸೆ.ನಲ್ಲಿ ಝಿಫ್-8 ಗ್ರಾಂಗೆ ಸುಮಾರು 0.7 ಮಿಲಿಮೋಲ್ ಕಾರ್ಬನ್ ಡೈಆಕ್ಸೈಡ್ ಮತ್ತು 0.27 ಮೀಥೇನ್ ಹೀರುತ್ತದೆ. ಸಿಲಿಕೋನ್ ಎಣ್ಣೆ ಗ್ರಾಂಗೆ ಸುಮಾರು 0.06 ಮತ್ತು 0.02. 10% ಹರಳು, 90% ಎಣ್ಣೆ ಎಂದಿಟ್ಟುಕೊಂಡರೆ:

ಕಾರ್ಬನ್ ಡೈಆಕ್ಸೈಡ್: 0.1 × 0.7 + 0.9 × 0.06 = 0.124
ಮೀಥೇನ್: 0.1 × 0.27 + 0.9 × 0.02 = 0.045

ಬರಿ ಎಣ್ಣೆಗಿಂತ ಎರಡು ಪಟ್ಟು ಹೀರುತ್ತದೆ, ಸಂತೋಷ. ಆದರೆ ಎರಡರ ಅನುಪಾತ 2.8 ಮಾತ್ರ, ಬರಿ ಎಣ್ಣೆಯದು 3. ಹೀರುವ ಶಕ್ತಿ ಏರಿತು, ಆರಿಸುವ ಶಕ್ತಿ ಇದ್ದಲ್ಲೇ ಇದೆ. 8 ಬಾರ್‌ನಲ್ಲಿ 40% ಕಾರ್ಬನ್ ಡೈಆಕ್ಸೈಡ್ ಇರುವ ಬಯೋಗ್ಯಾಸ್ ಹಾಯಿಸಿದರೆ ಗ್ರಾಂಗೆ 0.4 ಮಿಲಿಮೋಲ್ ಕಾರ್ಬನ್ ಡೈಆಕ್ಸೈಡ್ ಜೊತೆ 0.22 ಮೀಥೇನ್ ಕರಗುತ್ತದೆ. ಬೇಡದ್ದನ್ನು ತೆಗೆಯಲು ಹೋಗಿ ಬೇಕಾದ್ದರಲ್ಲಿ ದೊಡ್ಡ ಪಾಲು ಕಳೆದುಕೊಂಡ ಹಾಗೆ. ಅದೇ ಸಾದಾ ನೀರು ಕಾರ್ಬನ್ ಡೈಆಕ್ಸೈಡನ್ನು ಗ್ರಾಂಗೆ 0.034 ಮಿಲಿಮೋಲ್ ಮಾತ್ರ ಹೀರಿದರೂ ಮೀಥೇನನ್ನು 0.0014ರಷ್ಟೇ ಮುಟ್ಟುತ್ತದೆ. ಅನುಪಾತ 24!

ಹಾಗಾದರೆ ಝಿಫ್-8 ಏಕೆ ಬೇಕು? ಕೈ ಪಳಗಿಸಲು. ತಯಾರಿ ಸುಲಭ, ರಂಧ್ರ ಖಾಲಿ ಇದೆಯೇ ಎಂಬ ಪರೀಕ್ಷೆ ಇದರಲ್ಲಿ ಕಣ್ಣಿಗೇ ಕಾಣುತ್ತದೆ. ಇದರಲ್ಲಿ ಕ್ರಮ ಕಲಿತು, ಬಯೋಗ್ಯಾಸ್‌ಗೆ ಬೇರೆ ಜೋಡಿಗೆ ಹೋಗಬೇಕು. ಆ ಜೋಡಿ ಮುಂದೆ ಬರುತ್ತದೆ.

ಅಮೀನ್ ಜೊತೆಗೂ ಒಮ್ಮೆ ಹೋಲಿಸಿಬಿಡಿ. 30% ಮೋನೋಎಥನಾಲಮೀನ್ ದ್ರಾವಣ ಗ್ರಾಂಗೆ 2.4 ಮಿಲಿಮೋಲ್‌ವರೆಗೆ ಹಿಡಿಯುತ್ತದೆ. ಅದರೆದುರು ರಂಧ್ರದ್ರವ ಇನ್ನೂ ಅಂಬೆಗಾಲಿಡುವ ಕೂಸು. ಆದರೆ ಅಮೀನ್‌ನಿಂದ ಅನಿಲ ಬಿಡಿಸಲು 110–120 °ಸೆ. ಕಾಯಿಸಬೇಕು, ಝಿಫ್-8ರ ರಂಧ್ರದ್ರವಕ್ಕೆ ಒತ್ತಡ ಇಳಿಸಿದರೆ ಸಾಕು. ರಂಧ್ರದ್ರವಕ್ಕೆ ಏನಾದರೂ ಬೆಲೆ ಇದ್ದರೆ ಅದು ಇಲ್ಲಿ.

ಎಣ್ಣೆ ಆರಿಸುವಾಗ

ಎಣ್ಣೆಯ ಅಣು ಎಷ್ಟು ಉದ್ದ ಎಂದು ನೋಡಬೇಡಿ, ಎಷ್ಟು ದಪ್ಪ ಎಂದು ನೋಡಿ. ಮಾರುದ್ದದ ದಾರವೂ ಸೂಜಿಕಣ್ಣಿಗೆ ಪೋಣಿಸಿಕೊಳ್ಳುತ್ತದಲ್ಲ, ಹಾಗೆ ನೇರ ಸರಪಳಿಯ ಹೈಡ್ರೋಕಾರ್ಬನ್‌ಗಳು ಝಿಫ್-8ರ ಬಾಯಲ್ಲಿ ತೂರಿಹೋಗುತ್ತವೆ. ಲಿಕ್ವಿಡ್ ಪ್ಯಾರಾಫಿನ್ ಅಗ್ಗ ಎಂದು ಹಾಕಿದರೆ ಕೆಡುವುದು ಇದರಿಂದಲೇ. ಸಿಲಿಕೋನ್ ಎಣ್ಣೆಯ ಸರಪಳಿಯಲ್ಲಿ ಪ್ರತಿ ಸಿಲಿಕಾನ್‌ಗೂ ಎರಡು ಮೀಥೈಲ್ ಅಂಟಿಕೊಂಡಿರುವುದರಿಂದ ಅಡ್ಡಳತೆ ದೊಡ್ಡದು, ಒಳಗೆ ಹೋಗುವುದಿಲ್ಲ. 50 ಸೆಂಟಿಸ್ಟೋಕ್ಸ್ (ಸ್ನಿಗ್ಧತೆಯ ಅಳತೆ) ದರ್ಜೆಯದು ತೆಗೆದುಕೊಳ್ಳಿ. 350ರದ್ದು ಸುಲಭವಾಗಿ ಸಿಗುತ್ತದೆ, ಆದರೆ ಅದರಲ್ಲಿ ಅನಿಲ ಇಳಿಯುವುದಕ್ಕೆ ಅರ್ಧ ದಿನ ಕಾಯಬೇಕು.

ಅಡುಗೆ ಎಣ್ಣೆಯನ್ನೂ ಜನ ಪ್ರಯತ್ನಿಸಿದ್ದಾರೆ; ಟ್ರೈಗ್ಲಿಸರೈಡ್ ಅಣು ತಕ್ಕಮಟ್ಟಿಗೆ ದಪ್ಪ. ಗಾಣದ ಒಳ್ಳೆಣ್ಣೆ ಮಾತ್ರ ಬೇಡ. ಅದರಲ್ಲಿನ ಮುಕ್ತ ಕೊಬ್ಬಿನಾಮ್ಲ ಸತುವಿಗೆ ಅಂಟಿ ಹರಳನ್ನು ತಿನ್ನುತ್ತದೆ. ರಿಫೈನ್ಡ್ ಆದರೂ ಹಳೆಯದಾದರೆ ಕಮಟುತ್ತದೆ, ಕಮಟಿದರೆ ಮತ್ತೆ ಆಮ್ಲ.

ಹರಳು ತಯಾರಿ

ಒಂದು ಪಾಕಕ್ಕೆ ಬೇಕಾದ್ದು: ಜಿಂಕ್ ನೈಟ್ರೇಟ್ ಹೆಕ್ಸಾಹೈಡ್ರೇಟ್ 2.93 ಗ್ರಾಂ, 2-ಮೀಥೈಲ್ ಇಮಿಡಜೋಲ್ 6.49 ಗ್ರಾಂ, ಮೆಥನಾಲ್ 400 ಮಿಲೀ. ಎರಡನ್ನೂ 200 ಮಿಲೀ ಮೆಥನಾಲ್‌ನಲ್ಲಿ ಬೇರೆಬೇರೆ ಕರಗಿಸಿ. ಸತುವಿನ ದ್ರಾವಣವನ್ನು ಮ್ಯಾಗ್ನೆಟಿಕ್ ಸ್ಟಿರರ್ ಮೇಲೆ ಜೋರಾಗಿ ತಿರುಗುವಂತಿಟ್ಟು, ಇಮಿಡಜೋಲ್ ದ್ರಾವಣವನ್ನು ಒಂದೇ ಸಲಕ್ಕೆ ಸುರಿಯಿರಿ. ಕೆಲವೇ ನಿಮಿಷದಲ್ಲಿ ತಿಳಿಹಾಲಿನಂತೆ ಬೆಳ್ಳಗಾಗುತ್ತದೆ. ಕೋಣೆಯ ಬಿಸಿಯೇ ಸಾಕು, ಒಂದು ಗಂಟೆ ತಿರುಗಿಸಿ.

ಇಲ್ಲಿ ಸತು ಒಂದಕ್ಕೆ ಇಮಿಡಜೋಲ್ ಎಂಟು ಮೋಲ್. ಸತುವೆಲ್ಲ ಹರಳಾದರೆ 2.24 ಗ್ರಾಂ ಬರಬೇಕು, ಸಿಗುವುದು ಅದರ ಅರ್ಧದಷ್ಟು. ನಮ್ಮ ಗುರಿ 20 ಗ್ರಾಂ ರಂಧ್ರದ್ರವ, ಅದಕ್ಕೆ 2 ಗ್ರಾಂ ಹರಳು. ತೊಳೆಯುವಾಗ ಹೋಗುವುದನ್ನೂ ಲೆಕ್ಕಹಾಕಿ ಮೂರು ಪಾಕ ಮಾಡಿಕೊಳ್ಳಿ.

ಹರಳಿನ ಗಾತ್ರ 50 ನ್ಯಾನೋಮೀಟರ್ ಆಸುಪಾಸು. ಇದು ಕೂರಬೇಕಾದರೆ 8,000–10,000 ಆರ್‌ಪಿಎಂ ಸೆಂಟ್ರಿಫ್ಯೂಜ್ ಬೇಕು, 15 ನಿಮಿಷ. ರಕ್ತಪರೀಕ್ಷೆಯ ಲ್ಯಾಬಿನಲ್ಲಿರುವಂಥ 4,000ದ ಯಂತ್ರ ಮಾತ್ರ ಇದ್ದರೆ ಮೇಲಿನ ದ್ರವ ಹಾಲಾಗಿಯೇ ಉಳಿಯುತ್ತದೆ, ನೀವು ಅದನ್ನು ಚೆಲ್ಲಿದಾಗ ಇಳುವರಿಯೂ ಚೆಲ್ಲಿಹೋಗುತ್ತದೆ. ಹಾಗಿದ್ದಲ್ಲಿ ಇಮಿಡಜೋಲನ್ನು ಎಂಟರಿಂದ ನಾಲ್ಕು ಮೋಲ್‌ಗೆ ಇಳಿಸಿ, ಒಂದು ದಿನ ಬಿಡಿ, ಹರಳು ದಪ್ಪವಾಗುತ್ತದೆ. ಕೂತ ಹರಳನ್ನು ತಾಜಾ ಮೆಥನಾಲ್‌ನಲ್ಲಿ ಕಲಕಿ ಮೂರು ಸಲ ತೊಳೆಯಿರಿ. ಕೆಲಸವೆಲ್ಲ ಫ್ಯೂಮ್ ಹುಡ್‌ನಲ್ಲೇ ಆಗಲಿ. ಮೆಥನಾಲ್ ಕಣ್ಣಿನ ನರಕ್ಕೆ ವಿಷ. ನೈಟ್ರೇಟ್ ಇರುವ ಮೊದಲ ಸೋಸುದ್ರವವನ್ನು ಒಲೆಯ ಮೇಲೆ ಇಂಗಿಸಲು ಹೋಗಬೇಡಿ, ವೇಸ್ಟ್ ಕ್ಯಾನಿಗೆ ಹಾಕಿ.

ಖಾಲಿ ಮಾಡುವುದು

ಪೊಟರೆಯೊಳಗೆ ಈಗ ಮೆಥನಾಲ್ ಕೂತಿದೆ, ಉಳಿಕೆ ಇಮಿಡಜೋಲ್ ಕೂಡ. 60 °ಸೆ.ನಲ್ಲಿ ರಾತ್ರಿಯಿಡೀ ಒಣಗಿಸಿ, ಆಮೇಲೆ ವ್ಯಾಕ್ಯೂಮ್‌ನಲ್ಲಿ 120–150 °ಸೆ.ನಲ್ಲಿ 12 ಗಂಟೆ ಇಡಿ. ಮುಗಿಯಿತೆಂದು ಗಡಿಯಾರ ನೋಡಿ ನಿರ್ಧರಿಸಬೇಡಿ, ತೂಕ ನೋಡಿ. ಎರಡು ಗಂಟೆ ಅಂತರದ ಎರಡು ತೂಕ ಮಿಲಿಗ್ರಾಂ ಮಟ್ಟದಲ್ಲಿ ಒಂದೇ ಬಂದರೆ ಆಯಿತು. ರಾತ್ರಿ ಕರೆಂಟ್ ಹೋದರೆ ರೋಟರಿ ಪಂಪಿನ ಎಣ್ಣೆ ಹಿಂದಕ್ಕೆ ಎಳೆದುಕೊಂಡು ಮೂರು ದಿನದ ಹರಳನ್ನು ಹಾಳುಮಾಡುತ್ತದೆ. ನಡುವೆ ಒಂದು ಟ್ರ್ಯಾಪ್ ಮತ್ತು ತಾನಾಗಿ ಮುಚ್ಚಿಕೊಳ್ಳುವ ವಾಲ್ವ್ ಇರಲಿ.

ಎಕ್ಸ್‌ಆರ್‌ಡಿಗೆ (ಎಕ್ಸ್-ಕಿರಣದಿಂದ ಹರಳಿನ ರಚನೆ ನೋಡುವ ಪರೀಕ್ಷೆಗೆ) ಚಿಟಿಕೆ ಪುಡಿ ತೆಗೆದಿಡಿ. ತಾಮ್ರದ ಕಿರಣದಲ್ಲಿ 7.3, 10.4, 12.7 ಮತ್ತು 18.0 ಡಿಗ್ರಿಯಲ್ಲಿ ಚೂಪಾದ ಶಿಖರ ಬರಬೇಕು. ಮೊದಲನೆಯದೇ ಎಲ್ಲಕ್ಕಿಂತ ಎತ್ತರ. ಇದೇ ನಕ್ಷೆ ಮುಂದೆ ಹರಳು ಕೆಟ್ಟಿದೆಯೇ ಎಂದು ನೋಡಲು ಅಳತೆಗೋಲಾಗುತ್ತದೆ.

ಎಣ್ಣೆಗೆ ಬೆರೆಸುವುದು

2 ಗ್ರಾಂ ಪುಡಿ, 18 ಗ್ರಾಂ ಎಣ್ಣೆ. ಪುಡಿಯನ್ನು ಎಣ್ಣೆಗೆ ಸುರಿದರೆ ಗಂಟುಗಂಟಾಗುತ್ತದೆ, ರಾಗಿಹಿಟ್ಟನ್ನು ಕುದಿನೀರಿಗೆ ಒಮ್ಮೆಲೇ ಸುರಿದ ಹಾಗೆ. ಹೊರಗೆ ನೆನೆದು ಒಳಗೆ ಒಣಗಿರುವ ಆ ಗಂಟನ್ನು ಆಮೇಲೆ ಏನು ಮಾಡಿದರೂ ಒಡೆಯಲಾಗದು. ಅಗೇಟ್ ಮಾರ್ಟರ್‌ನಲ್ಲಿ ಪುಡಿ ಹಾಕಿ, ಎಣ್ಣೆಯನ್ನು ಹನಿಹನಿಯಾಗಿ ಸೇರಿಸುತ್ತ, ಸಾಣೆಕಲ್ಲಿನ ಮೇಲೆ ಗಂಧ ತೇಯುವ ಹದದಲ್ಲಿ ಮೆಲ್ಲಗೆ ತೇಯಿರಿ. ಮೊದಲ 3 ಗ್ರಾಂ ಎಣ್ಣೆಗೆ ಕಾಲು ಗಂಟೆ ಹಿಡಿಯಬೇಕು. ನುಣ್ಣನೆಯ ಬಿಳಿ ಗಂಧದಂತಾದ ಮೇಲೆ ಉಳಿದ ಎಣ್ಣೆ ಸೇರಿಸಿ. ಬಾಲ್ ಮಿಲ್‌ಗೆ ಹಾಕುವ ಆಸೆ ಬೇಡ. ಅರ್ಧ ಗಂಟೆಯ ಗುದ್ದಿಗೆ ಝಿಫ್-8ರ ಚೌಕಟ್ಟು ಕುಸಿದು ಹರಳೇ ಇಲ್ಲದಂತಾಗುತ್ತದೆ.

ಆಮೇಲೆ ಅಲ್ಟ್ರಾಸಾನಿಕ್ ಬಾತ್‌ನಲ್ಲಿ 30 ನಿಮಿಷ, ರಾತ್ರಿಯಿಡೀ ಸ್ಟಿರರ್ ಮೇಲೆ, ಕೊನೆಗೆ 50 °ಸೆ.ನಲ್ಲಿ ವ್ಯಾಕ್ಯೂಮ್ ಕೊಟ್ಟು ಗುಳ್ಳೆ ನಿಲ್ಲುವವರೆಗೆ ಬಿಡಿ. ಮಳೆಗಾಲದಲ್ಲಿ ತೆರೆದ ಬೀಕರ್‌ನಲ್ಲಿ ತಿರುಗಿಸಬೇಡಿ.

10% ಹರಳು ಎಂದರೆ ಗಾತ್ರದಲ್ಲೂ ಸುಮಾರು 10%. ಸ್ನಿಗ್ಧತೆ ಮೂರನೇ ಒಂದರಷ್ಟು ಏರಬೇಕು, ಹೆಚ್ಚೆಂದರೆ ಎರಡು ಪಟ್ಟು. ಐದು ಪಟ್ಟಾಗಿದ್ದರೆ ಹರಳು ಮುದ್ದೆಗಟ್ಟಿದೆ ಎಂದರ್ಥ. 30%ಕ್ಕೆ ಹೋದರೆ ಹರಿಯುವುದೇ ನಿಂತು ಟೂತ್‌ಪೇಸ್ಟ್ ಆಗುತ್ತದೆ. 10–15%ರಲ್ಲಿ ನಿಲ್ಲುವುದು ಜಾಣತನ.

ರಂಧ್ರ ಖಾಲಿ ಇದೆಯೇ?

ಇಡೀ ಕೆಲಸದ ಗಂಟು ಇರುವುದು ಇಲ್ಲಿ. ಎಣ್ಣೆ ಒಳಗೆ ನುಗ್ಗಿದ್ದರೆ ನಿಮ್ಮ ಕೈಲಿರುವುದು ರಂಧ್ರದ್ರವವಲ್ಲ, ಬಿಳಿ ಬಣ್ಣದ ಎಣ್ಣೆ. ಇದನ್ನು ಹಿಡಿಯಲು 10 ಮಿಲೀ ಡೆನ್ಸಿಟಿ ಬಾಟಲಿಯೊಂದು ಸಾಕು.

ಖಾಲಿ ಝಿಫ್-8 ಹರಳಿನ ಸಾಂದ್ರತೆ ಮಿಲೀಗೆ 0.92 ಗ್ರಾಂ, ಎಣ್ಣೆಯದು 0.96. ಹರಳಿನ ಗಾತ್ರದಲ್ಲಿ ಹೆಚ್ಚುಕಡಿಮೆ ಅರ್ಧ ಪೊಟರೆ. 100 ಗ್ರಾಂ ಮಿಶ್ರಣಕ್ಕೆ ಲೆಕ್ಕ ಹಾಕಿ: ಪೊಟರೆ ಖಾಲಿ ಇದ್ದರೆ ಹರಳು 10.8 ಮಿಲೀ, ಎಣ್ಣೆ 93.8, ಒಟ್ಟು 104.6 ಮಿಲೀ, ಸಾಂದ್ರತೆ 0.956. ಎಣ್ಣೆ ಒಳಗೆ ಹೊಕ್ಕಿದ್ದರೆ ಹರಳಿನ ಗೋಡೆ ಮಾತ್ರ ಜಾಗ ಹಿಡಿಯುತ್ತದೆ, ಒಟ್ಟು 99.2 ಮಿಲೀ, ಸಾಂದ್ರತೆ 1.008. ಹತ್ತು ಮಿಲೀ ಬಾಟಲಿಯಲ್ಲಿ 9.56 ಗ್ರಾಂ ಅಥವಾ 10.08 ಗ್ರಾಂ. ಅರ್ಧ ಗ್ರಾಂ ವ್ಯತ್ಯಾಸ ಯಾವ ತಕ್ಕಡಿಗೂ ತಿಳಿಯುತ್ತದೆ.

ಮೋಸ ಮಾಡುವುದು ಗಾಳಿಗುಳ್ಳೆ. ಮಿಶ್ರಣದಲ್ಲಿ ಸಣ್ಣ ಗುಳ್ಳೆ ಉಳಿದಿದ್ದರೆ ಸಾಂದ್ರತೆ ಸುಳ್ಳಾಗಿ ಕಡಿಮೆ ಬರುತ್ತದೆ, ರಂಧ್ರ ಖಾಲಿ ಇದೆ ಎಂದು ನೀವು ನಂಬುತ್ತೀರಿ. 0.956ಕ್ಕಿಂತ ತೀರಾ ಕೆಳಗೆ ಬಂದರೆ ಹಿಗ್ಗಬೇಡಿ, ಮತ್ತೆ ವ್ಯಾಕ್ಯೂಮ್ ಕೊಡಿ.

ಎರಡನೇ ಸಾಕ್ಷಿ ಇನ್ನೂ ಸೊಗಸು. ಒಂದು ಮಿಲೀ ತೆಗೆದು ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸಿ. ಖಾಲಿ ಹರಳು ಎಣ್ಣೆಗಿಂತ ಹಗುರ. ಮಜ್ಜಿಗೆಯ ಮೇಲೆ ಬೆಣ್ಣೆ ಬಂದಂತೆ ಬಿಳಿ ಪದರ ಮೇಲಕ್ಕೆ ಕಟ್ಟಬೇಕು. ಎಣ್ಣೆ ತುಂಬಿದ ಹರಳಿನ ಸಾಂದ್ರತೆ 1.4ರ ಹತ್ತಿರ, ತಳ ಹಿಡಿಯುತ್ತದೆ.

ಅನಿಲ ಅಳೆಯುವುದು

ಮುಚ್ಚಿದ ಸ್ಟೀಲ್ ಅಥವಾ ದಪ್ಪ ಗಾಜಿನ ಪಾತ್ರೆ, ಒತ್ತಡ ಸೆನ್ಸರ್, 27 °ಸೆ.ನ ನೀರಿನ ತೊಟ್ಟಿ, ವ್ಯಾಕ್ಯೂಮ್ ಪಂಪ್. ಗಾಜಿನದಾದರೆ ಸುತ್ತ ಬಲೆ ಅಥವಾ ಟೇಪ್ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ. 15 ಗ್ರಾಂ ದ್ರವ ಹಾಕಿದ ಮೇಲೆ ಮೇಲುಗಡೆ 100 ಮಿಲೀ ಖಾಲಿ ಜಾಗ ಉಳಿಯಲಿ. ಗಾಳಿ ಪೂರ್ತಿ ತೆಗೆದು, ಕಾರ್ಬನ್ ಡೈಆಕ್ಸೈಡನ್ನು 1 ಬಾರ್‌ಗೆ ತುಂಬಿ, ವಾಲ್ವ್ ಮುಚ್ಚಿ, ಕಲಕುತ್ತ ಒತ್ತಡ ಗಮನಿಸಿ. ಶುರುವಿನಲ್ಲಿ 4.01 ಮಿಲಿಮೋಲ್ ಅನಿಲ. ಬರಿ ಎಣ್ಣೆಯಾದರೆ 0.82 ಬಾರ್‌ನಲ್ಲಿ ನಿಲ್ಲಬೇಕು, ಒಳ್ಳೆಯ ರಂಧ್ರದ್ರವವಾದರೆ 0.68 ಸುಮಾರಿಗೆ. ಅರ್ಧ ಗಂಟೆಯಲ್ಲಿ 0.1 ಕಿಲೋಪಾಸ್ಕಲ್‌ಗಿಂತ ಕಡಿಮೆ ಬದಲಾದಾಗ ಓದಿಕೊಳ್ಳಿ. ತುಂಬುವಷ್ಟರಲ್ಲೇ ಒಂದಿಷ್ಟು ಕರಗಿಬಿಡುತ್ತದೆ, ಆದ್ದರಿಂದ ತುಂಬುವಾಗ ಸ್ಟಿರರ್ ನಿಲ್ಲಿಸಿರಿ. ಮೀಥೇನ್‌ಗೂ ಇದೇ ಕ್ರಮ, ಆದರೆ ಬೆಂಕಿಯಿಂದ ದೂರ.

ನಮ್ಮೂರಿನವರು ಎಡವುವ ಜಾಗವೊಂದಿದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ. ಇಲ್ಲಿ ಗಾಳಿಯ ಒತ್ತಡ 101.3 ಕಿಲೋಪಾಸ್ಕಲ್ ಅಲ್ಲ, 92–93. ಮಂಡ್ಯದಲ್ಲಿ ಒಂದು ಕಿಲೋಪಾಸ್ಕಲ್ ಜಾಸ್ತಿ. ಡಯಲ್ ಗೇಜ್ ಸೊನ್ನೆ ತೋರಿಸುವುದು ಈ 92.5ರಲ್ಲಿ. ಗೇಜ್‌ನ ಓದಿಗೆ ಪುಸ್ತಕದ 101.3 ಕೂಡಿಸಿದರೆ ಮೊದಲ ಬಿಂದುವಿನಲ್ಲೇ 9% ತಪ್ಪು. ಬ್ಯೂರೆಟ್‌ನಲ್ಲಿ ಗಾತ್ರ ಅಳೆಯುವವರಿಗೂ ಇದೇ ಮಾತು: 27 °ಸೆ.ನಲ್ಲಿ ಇಲ್ಲಿನ ಒಂದು ಮೋಲ್ ಅನಿಲ 22.4 ಲೀಟರ್ ಅಲ್ಲ, 27 ಲೀಟರ್. ಅಬ್ಸಲ್ಯೂಟ್ ಸೆನ್ಸರ್ ಕೊಂಡರೆ ಈ ತಲೆನೋವಿಲ್ಲ.

ಇನ್ನೊಂದು ಕಳ್ಳ ಸಿಲಿಕೋನ್ ರಬ್ಬರ್ ಟ್ಯೂಬ್. ಕಾರ್ಬನ್ ಡೈಆಕ್ಸೈಡ್ ಅದರ ಗೋಡೆಯ ಮೂಲಕವೇ ಹೊರಟುಹೋಗುತ್ತದೆ, ಒತ್ತಡ ಇಳಿದದ್ದನ್ನು ನೋಡಿ ದ್ರವ ಹೀರಿತು ಎಂದು ಬರೆದುಕೊಳ್ಳುತ್ತೀರಿ. ಸ್ಟೀಲ್ ಅಥವಾ ನೈಲಾನ್ ಬಳಸಿ. ಖಾಲಿ ಪಾತ್ರೆಗೆ ಅದೇ ಅನಿಲ ತುಂಬಿ ರಾತ್ರಿಯಿಡೀ ಬಿಟ್ಟು ಸೋರಿಕೆ ನೋಡಿ. ನೈಟ್ರೋಜನ್‌ನಲ್ಲಿ ಪಾಸಾದ ಪಾತ್ರೆ ಇದರಲ್ಲಿ ಫೇಲಾಗುವುದುಂಟು.

ಬಯೋಗ್ಯಾಸ್‌ಗೆ ತಕ್ಕ ಜೋಡಿ

ಆರಿಸುವ ಶಕ್ತಿ ಬೇಕಿದ್ದರೆ ಎರಡೂ ಕಡೆ ಬದಲಿಸಬೇಕು, ಏಕೆಂದರೆ 90% ಇರುವುದು ದ್ರವವೇ. ಪಾಲಿಎಥಿಲೀನ್ ಗ್ಲೈಕಾಲ್ ಡೈಮೀಥೈಲ್ ಈಥರ್, ಕಾರ್ಖಾನೆಗಳಲ್ಲಿ ಸೆಲೆಕ್ಸಾಲ್ ಎಂಬ ಹೆಸರಿನಲ್ಲಿ ಬಳಸುವ ದ್ರಾವಕ, ಮೀಥೇನ್‌ಗಿಂತ ಕಾರ್ಬನ್ ಡೈಆಕ್ಸೈಡನ್ನು ಸುಮಾರು 15 ಪಟ್ಟು ಹೆಚ್ಚು ಕರಗಿಸುತ್ತದೆ. ಆದರೆ ಇದು ನೇರ ಸರಪಳಿ, ಝಿಫ್-8ರೊಳಗೆ ಪೋಣಿಸಿಕೊಳ್ಳುವ ಅಪಾಯವಿದೆ. ಆದ್ದರಿಂದ ಹರಳಾಗಿ 4ಎ ಮಾಲಿಕ್ಯುಲರ್ ಸೀವ್ ಎಂಬ ಜಿಯೋಲೈಟ್‌ನ ಪುಡಿ ತೆಗೆದುಕೊಳ್ಳಿ, ಗುಂಡು ಬೇಡ. ಅದರ ಬಾಯಿ 4 ಆಂಗ್‌ಸ್ಟ್ರಾಂ ಮತ್ತು ಗಟ್ಟಿ; ಸರಪಳಿ ಹೊರಗೇ. ಬೆಲೆಯೂ ಝಿಫ್-8ರ ಮುಂದೆ ಏನೂ ಅಲ್ಲ. 1 ಬಾರ್‌ನಲ್ಲಿ ಗ್ರಾಂಗೆ ಸುಮಾರು 3.5 ಮಿಲಿಮೋಲ್ ಕಾರ್ಬನ್ ಡೈಆಕ್ಸೈಡ್ ಹಿಡಿಯುತ್ತದೆ. 10% ಹಾಕಿದರೆ ಮಿಶ್ರಣ 0.48ಕ್ಕೆ ಮುಟ್ಟುತ್ತದೆ, ಬರಿ ದ್ರಾವಕದ ಮೂರು ಪಟ್ಟು. ಬಿಡಿ ಅನಿಲಗಳ ಲೆಕ್ಕದಲ್ಲಿ ಅನುಪಾತ 8ಕ್ಕೆ ಇಳಿದಂತೆ ಕಂಡರೂ, ಎರಡೂ ಅನಿಲ ಒಟ್ಟಿಗೆ ಇದ್ದಾಗ ಕಾರ್ಬನ್ ಡೈಆಕ್ಸೈಡ್ ಸೀವ್‌ನ ಜಾಗ ಹಿಡಿದು ಮೀಥೇನನ್ನು ಆಚೆ ತಳ್ಳುತ್ತದೆ. ಹಾಗಾಗಿ ಕೊನೆಯ ಅಳತೆ ಮಿಶ್ರ ಅನಿಲದಲ್ಲೇ ಆಗಬೇಕು.

ಇದಕ್ಕೂ ಮೂರು ಕಾಟಗಳಿವೆ. ಸೀವ್ ನೀರಿಗೆ ಬಾಯಿಬಿಡುತ್ತದೆ, 300 °ಸೆ. ವ್ಯಾಕ್ಯೂಮ್‌ನಲ್ಲಿ ಒಣಗಿಸಿ, ಅನಿಲವನ್ನೂ ಸಿಲಿಕಾ ಜೆಲ್ ಮೂಲಕ ಹಾಯಿಸಿ. ಹಿಡಿತ ಬಿಗಿ, ಒತ್ತಡ ಇಳಿಸಿದಷ್ಟಕ್ಕೆ ಪೂರ್ತಿ ಬಿಡುವುದಿಲ್ಲ, ವ್ಯಾಕ್ಯೂಮ್ ಜೊತೆ 60–80 °ಸೆ. ಬಿಸಿ ಬೇಕಾಗುತ್ತದೆ. ಸಾಂದ್ರತೆ 1.5, ಕಣ ಎರಡು ಮೈಕ್ರೋಮೀಟರ್, ಹಾಗಾಗಿ ತಳ ಕಟ್ಟುತ್ತದೆ. ಮೇಲಕ್ಕೆ ಕೆನೆ ಬರುವ ಪರೀಕ್ಷೆ ಇಲ್ಲಿ ನಡೆಯದು, ಡೆನ್ಸಿಟಿ ಬಾಟಲಿಯೇ ಗತಿ. ತೊಟ್ಟಿಯಲ್ಲಿ ಸದಾ ಕಲಕುತ್ತಿರಬೇಕು.

ಮರುಬಳಕೆ ಮತ್ತು ಹಾಳಾಗುವಿಕೆ

ಹತ್ತು ಸಲ ಹೀರಿಸಿ, ಬಿಡಿಸಿ. ಪ್ರತಿ ಸಲದ ಅಂಕಿಯನ್ನೂ ಬರೆದುಕೊಳ್ಳಿ. ಮೊದಲ ಎರಡು ಸಲದಲ್ಲಿ ಸ್ವಲ್ಪ ಇಳಿದು ಆಮೇಲೆ ನಿಂತರೆ ಚಿಂತೆಯಿಲ್ಲ, ಹಿಂದಿನ ಸಲದ್ದು ಪೂರ್ತಿ ಬಿಟ್ಟಿರಲಿಕ್ಕಿಲ್ಲ. ಪ್ರತಿ ಸಲವೂ ಇಳಿಯುತ್ತಲೇ ಹೋದರೆ ಹರಳು ಸಾಯುತ್ತಿದೆ. ಝಿಫ್-8ಕ್ಕೆ ಒದ್ದೆ ಆಮ್ಲ ಅನಿಲವೇ ಶತ್ರು: ತೇವ ಮತ್ತು ಹೈಡ್ರೋಜನ್ ಸಲ್ಫೈಡ್ ಒಟ್ಟಿಗೆ ಬಂದರೆ ಸತು ಕಳಚಿಕೊಳ್ಳುತ್ತದೆ, ತೇವ ಮತ್ತು ಕಾರ್ಬನ್ ಡೈಆಕ್ಸೈಡ್ ಸೇರಿದರೂ ನಿಧಾನವಾಗಿ ಸತುವಿನ ಕಾರ್ಬೊನೇಟ್ ಆಗುತ್ತದೆ. ಹರಳನ್ನು ಹೆಕ್ಸೇನ್‌ನಲ್ಲಿ ತೊಳೆದು ಎಕ್ಸ್‌ಆರ್‌ಡಿ ಮಾಡಿದರೆ 7.3ರ ಶಿಖರ ಕುಗ್ಗಿರುವುದು ಕಾಣುತ್ತದೆ. ಡೈಜೆಸ್ಟರ್‌ನಿಂದ ನೇರ ತಂದ ಅನಿಲವನ್ನು ಮೊದಲು ಕಬ್ಬಿಣದ ಆಕ್ಸೈಡ್ ಪದರ, ಆಮೇಲೆ ಒಣಗಿಸುವ ಪದರ ದಾಟಿಸಿಯೇ ಬಿಡಿ.

ಬಾಟಲಿಯನ್ನು ಬಿಗಿಯಾಗಿ ಮುಚ್ಚಿ ಮೂರು ವಾರ ಇಟ್ಟು ಮತ್ತೊಮ್ಮೆ ಸಾಂದ್ರತೆ ತೆಗೆಯಿರಿ. ನಿಧಾನಕ್ಕೆ ತೂರುವ ಎಣ್ಣೆ ಮೊದಲ ದಿನ ಸಿಕ್ಕಿಬೀಳುವುದಿಲ್ಲ. ಝಿಫ್-8ರ ಮಿಶ್ರಣ 0.956ರಿಂದ 0.970ಕ್ಕೆ ಏರಿದ್ದರೆ 100 ಗ್ರಾಂನಲ್ಲಿ ಒಂದೂವರೆ ಮಿಲೀ ಪೊಟರೆ ಮುಚ್ಚಿದೆ. ಒಟ್ಟು ಇದ್ದದ್ದು 5.4, ಅಂದರೆ ಕಾಲು ಪಾಲಿಗಿಂತ ಹೆಚ್ಚೇ ಹೋಯಿತು. 0.961ರ ಒಳಗೆ ನಿಂತರೆ ಹತ್ತರಲ್ಲಿ ಒಂದು ಪಾಲು, ಅಷ್ಟನ್ನು ಸಹಿಸಿಕೊಳ್ಳಬಹುದು. ಅದಕ್ಕಿಂತ ಮೇಲೆ ಹೋದರೆ ಹರಳನ್ನು ದೂರಬೇಡಿ, ಎಣ್ಣೆ ಬದಲಿಸಿ.